ಎದ್ದು ನಿಲ್ಲುವ ಮರ್ಯಾದೆ ಮತ್ತು ಜಂಬಮ್ಮ ಸಿಸ್ಟರ್

ಮಾನಸಿಕ ರೋಗಿಗಳು ಬೀಳುವುದು ಹುಚ್ಚಿನಿಂದ ಎಂದು ರಾಯಚೂರಿನ ಚಹಾದಂಗಡಿಗಳಲ್ಲಿ ಓದಿದವರೇ ನುಡಿಯುತ್ತಾರೆ. ಇದು ಶುದ್ಧ ಅಸತ್ಯ. ಬಹುಮಟ್ಟಿಗೆ ಅವರು ಬೀಳುವುದು ಗುಳಿಗೆಯ ಅಮಲು, ಒದ್ದೆ ನೆಲ, ಸಡಿಲ ಚಪ್ಪಲಿ ಇವುಗಳಿಂದ. ಜಂಬಮ್ಮನವರ ವಾರ್ಡಿನಲ್ಲಿ ಮಾತ್ರ ಒಬ್ಬರು ಮರ್ಯಾದೆಯಿಂದ ಬೀಳುತ್ತಿದ್ದರು.

ದೇವದುರ್ಗದ ಕುರಿಗಾರರ ಮನೆಯಲ್ಲಿ ಹುಟ್ಟಿದ ಜಂಬಮ್ಮ ರಾಯಚೂರಿನ ಆಸ್ಪತ್ರೆಯೊಂದರ ಮನೋರೋಗ ವಾರ್ಡಿನ ಹಿರಿಯ ನರ್ಸು. ರೋಗಿಗಳನ್ನು ಬೀಳದಂತೆ ಕಾಯುವುದನ್ನು ಹೊಸ ನರ್ಸುಗಳಿಗೆ ಕಲಿಸುವವರೂ ಅವರೇ. "ಮೊದಲು ನೆಲ ನೋಡು, ಆಮ್ಯಾಲೆ ಕಾಲು ನೋಡು, ಕಡೀಕ ಮಾರಿ ನೋಡು" ಎಂಬುದು ಅವರ ಮೊದಲ ಪಾಠ.

ಮಾನ್ವಿಯ ರೈಸ್ ಮಿಲ್ಲಿನ ಚನ್ನವೀರಪ್ಪನವರು ಮನಸ್ಸು ಕುಸಿದು ಆ ವಾರ್ಡಿಗೆ ಸೇರಿದ್ದರು. ಬಂದವರೆದುರು ಕುಳಿತೇ ಇರುವುದು ಅವರ ಜನ್ಮದಲ್ಲಿಲ್ಲ. ಆದರೆ ಅವರ ಗುಳಿಗೆಯ ಗುಣವೆಂದರೆ, ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆಗಟ್ಟುವುದು. ಹೀಗೆ ಒಮ್ಮೆ ಬಿದ್ದು ಹಣೆ ಊದಿಸಿಕೊಂಡಿದ್ದರು.

"ಇನ್ನೊಮ್ಮೆ ಬಿದ್ರ ಸೀರಿಲೆ ಮಂಚಕ್ಕ ಕಟ್ಟತೀನ್ರಿ ಸಿಸ್ಟರ್," ಎಂದರು ಹೆಂಡತಿ ಬಸವಂತಮ್ಮ. "ಮಿಲ್ಲಿನ ಮಶೀನ್ ಪಟ್ಟಾನೂ ಇಷ್ಟು ಜಿಗಿಯೂದಿಲ್ಲ."

ಜಂಬಮ್ಮನವರಿಗೆ ಗೊತ್ತು: ಕಟ್ಟಿದ ಮನುಷ್ಯ ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾನೆ. ಅದಕ್ಕಿಂತ ಮೊದಲು ಅವನ ಮನಸ್ಸು ಬೀಳುತ್ತದೆ. ತಮ್ಮ ವಾರ್ಡಿನಲ್ಲಿ ಯಾರನ್ನೂ ಕಟ್ಟಗೊಡುವುದಿಲ್ಲವೆಂದು ಅವರು ಹಟ ತೊಟ್ಟರು.

ಅಷ್ಟರಲ್ಲಿ ಬಾಗಲವಾಡದ ಹೊಸ ನರ್ಸು ದೇವಿಕಾ ಒಳಬಂದು, ಮನೆಯಲ್ಲಿ ಕಲಿಸಿದಂತೆ ಕೈಮುಗಿದಳು. "ಶರಣ್ರೀ ಯಪ್ಪಾ!"

"ಶರಣು, ಬರ್ರೆವ್ವಾ!" ಎಂದು ಚನ್ನವೀರಪ್ಪ ಚಿಮ್ಮಿ ಎದ್ದೇಬಿಟ್ಟರು. ಜಂಬಮ್ಮ ಹಾರಿ ತೋಳು ಹಿಡಿದರು. ಇಬ್ಬರೂ ಮಂಚದ ಮೇಲೆ ದೊಪ್ಪನೆ ಕೂತರು.

"ಶರಣು ಅನಬ್ಯಾಡ ಅಂದಿದ್ದಿಲ್ಲೇನ?" ಜಂಬಮ್ಮ ಏದುಸಿರಿನಲ್ಲೇ ಗದರಿದರು.

"ಹಿರ್‍ಯಾರಿದ್ದಲ್ಲಿ ದನ ನುಗ್ಗಿದಂಗ ನುಗ್ಗಲೇನ್ರಿ ಮತ್ತ?"

ಮರುದಿನ ದೇವಿಕಾ ತುಟಿ ಬಿಗಿದು ಬಂದಳು. ಹುಡುಗಿಗೆ ಏನು ನೋವಾಯಿತೋ ಎಂದು ವಿಚಾರಿಸಲು ಚನ್ನವೀರಪ್ಪ ಮತ್ತೆ ಏಳಹೊರಟರು. ಬಸವಂತಮ್ಮ ಕಟ್ಟಲೆಂದು ಗಂಟಿನಿಂದ ಹಳೆಯ ಸೀರೆ ತೆಗೆಯತೊಡಗಿದರು.

ಜಂಬಮ್ಮ ಯೋಚಿಸಿದರು: ಮರ್ಯಾದಸ್ಥನಾದ ಹಿರಿಯ ಯಾವಾಗ ಏಳುವುದಿಲ್ಲ? ಕಾಲಿಗೆ ಬಿದ್ದವರ ತಲೆಯ ಮೇಲೆ ಕೈಯಿಟ್ಟಿರುವಾಗ! ದೇವಿಕಾಳ ಕಿವಿಯಲ್ಲಿ ಏನೋ ಉಸುರುವಷ್ಟರಲ್ಲಿ ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡರು. ಚನ್ನವೀರಪ್ಪ ಏಳಲು ಮಂಚಕ್ಕೆ ಕೈಯೂರಿದರು. ದೇವಿಕಾ ಒಂದೇ ನೆಗೆತಕ್ಕೆ ಎರಡೂ ಪಾದ ಹಿಡಿದಳು.

"ಬಾಳವ್ವಾ, ನೂರು ವರ್ಷ ಬಾಳು," ಎಂದರು ಚನ್ನವೀರಪ್ಪ, ಕುಳಿತಲ್ಲೇ.

"ಹಂಗ ಕುಂದರ್ರಿ ಯಪ್ಪಾ," ಎಂದಳು ದೇವಿಕಾ ಪಾದ ಬಿಡದೆ. "ಕಾಲಬೆರಳು ಮ್ಯಾಲೆತ್ರಿ, ಈಗ ಹಿಮ್ಮಡ ಎತ್ರಿ. ಇನ್ನೊಮ್ಮೆ."

ಡಾಕ್ಟರು ಬೆರಗಾದರು. "ಏನ್ರಿ ಇದು? ಇವರು ಯಾವ ಮಠದ ಸ್ವಾಮಿಗಳು?"

"ರೈಸ್ ಮಿಲ್ಲಿನವ್ರು ಸಾಹೇಬ್ರ," ಎಂದರು ಜಂಬಮ್ಮ. "ಆಶೀರ್ವಾದ ಮುಗಿದಿಲ್ಲ, ಒಂದೀಟು ನಿಂದರ್ರಿ."

ಇಡೀ ಆಸ್ಪತ್ರೆಯನ್ನು ಕಾಯಿಸುವ ಡಾಕ್ಟರು ಕೈಕಟ್ಟಿ ಕಾದರು. ಪಾದಗಳಲ್ಲಿ ರಕ್ತ ಆಡಿ, ತಲೆ ತಿಳಿಯಾದ ಮೇಲೆ ಚನ್ನವೀರಪ್ಪ ದೇವಿಕಾಳ ಭುಜ ಹಿಡಿದು ನಿಧಾನವಾಗಿ ಎದ್ದರು. ಓಲಾಡಲಿಲ್ಲ. "ಶರಣ್ರೀ ಸಾಹೇಬ್ರ" ಎಂದು ಕೈಮುಗಿದು, ನಿಧಾನವಾಗಿಯೇ ಕೂತರು.

ಬಸವಂತಮ್ಮ ಸೀರೆಯನ್ನು ಮಡಚಿ ಗಂಟಿಗೆ ಸೇರಿಸಿದರು. "ಕಟ್ಟೂದು ಬ್ಯಾಡ ಬಿಡ್ರಿ," ಎಂದರು. "ಆದ್ರ ಮನ್ಯಾಗ ಇವರ ಕಾಲಿಗಿ ಯಾರು ಬೀಳಬೇಕು? ನಾ ಅಂತೂ ಒಲ್ಲೆ. ಈಗಾಗ್ಲೆ ತಲಿಮ್ಯಾಲೆ ಕುಂತಾರ, ಅದ ಸಾಕು."

"ಬೀಳಬ್ಯಾಡ್ರಿ ಯವ್ವಾ," ಎಂದರು ಜಂಬಮ್ಮ. "ಏಳೋ ಮುಂದ 'ಚಪ್ಪಲಿ ಎಲ್ಲಿಟ್ಟೀರಿ' ಅಂತ ಕೇಳ್ರಿ. ಕುಂತಲ್ಲೇ ಕಾಲಿಲೆ ಹುಡುಕೂದ್ರಾಗ ತಲಿ ತಿಳಿ ಆಗತದ."

ಬಸವಂತಮ್ಮ ನಕ್ಕರು. ಆಗ ಪಕ್ಕದ ಮಂಚದಿಂದ ಹನುಮಂತ್ರಾಯರು ಎರಡೂ ಕಾಲು ಮುಂದೆ ಚಾಚಿ ಕೂಗಿದರು:

"ಏ ಸಿಸ್ಟರ್! ನಾನೂ ಏಳಬೇಕಂತ ಆಗಿಂದ ಕುಂತೀನಿ. ನನ್ನ ಕಾಲು ಏನು ಪಾಪ ಮಾಡ್ಯಾವು?"