ತೇಲುವ ಹುಳ, ಕೆಂಪು ಮರಿ

ಮೊನ್ನೆ ನನ್ನ ಮೋಟಾರು ರಿವೈಂಡಿಂಗ್ ಅಂಗಡಿಗೆ ಮುಧೋಳದ ಕಡೆಯ ಗಿರಾಕಿಯೊಬ್ಬ ಬಂದಿದ್ದ. ಸುಟ್ಟುಹೋದ ಪಂಪನ್ನು ಇಳಿಸಿದವನೇ, ಚಹಾ ಬರುವವರೆಗೆ ಹೊತ್ತು ಹೋಗಲೆಂದು ಜೇಬಿನಿಂದ ಒಂದು ಪಾಕೀಟು ತೆಗೆದು ಹರಿದ. ಒಳಗೆ ಗೇಣುದ್ದದ ಮೆತ್ತನೆಯ ರಬ್ಬರ್ ಎರೆಹುಳಗಳು. ಗಾಳಕ್ಕೆ ಚುಚ್ಚಿ ಒಗೆದರೆ ಮುಳುಗದೆ ನೀರ ಮೇಲೆ ತೇಲುವಂಥವು. ವಾರ್ನಿಷು, ಸುಟ್ಟ ತಂತಿಯ ನಾತದಲ್ಲೇ ದಿನ ಕಳೆಯುವ ನನ್ನ ಮೂಗಿಗೆ ಬಡೇಸೋಪಿನಂಥ ಸಿಹಿ ವಾಸನೆ ಬಡಿಯಿತು. ಅವನು ಏನೋ ಹೇಳುತ್ತಲೇ ಇದ್ದ, ನಾನು ಎದ್ದು ಹೊರಗೆ ಬಂದು ನಿಂತೆ. ಆ ವಾಸನೆ ಮೂಗಿಗೆ ಬಿದ್ದು ಆರು ವರ್ಷ ಆಗಿರಬೇಕು... ಏಳೋ ಏನೋ.

ಜಮಖಂಡಿಯಲ್ಲಿ ನೆರೆಯ ಮುದುಕರೊಬ್ಬರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಓಣಿಯವರೆಲ್ಲ ಅವರನ್ನು ಮಗ್ಗದ ಕಾಕಾ ಅನ್ನುತ್ತಿದ್ದರು. ಬನಹಟ್ಟಿಯ ಪವರ್‌ಲೂಮಿನಲ್ಲಿ ಆಯುಷ್ಯವೆಲ್ಲ ದುಡಿದು, ಕಿವಿ ಎರಡನ್ನೂ ಆ ಸಪ್ಪಳಕ್ಕೆ ಕೊಟ್ಟು ಬಂದ ಮನುಷ್ಯ. ತಮಗೆ ಕೇಳಿಸದ್ದರಿಂದ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದರು. ಅವರು ಹೆಂಡತಿ ಕಾಕುವಿನ ಹತ್ತಿರ ಗುಟ್ಟು ಮಾತಾಡಿದರೂ ನಾನು ಗೋಡೆಯ ಈ ಕಡೆ ನಗುತ್ತ ಕೇಳಿಸಿಕೊಳ್ಳುತ್ತಿದ್ದೆ. ಕಿವಿ ಹೋಗಿತ್ತು ನಿಜ, ಬೆರಳು ಮಾತ್ರ ಹೋಗಿರಲಿಲ್ಲ. ಸಾವಿರ ಎಳೆಗಳಲ್ಲಿ ಒಂದು ಕಡಿದರೂ ಮುಟ್ಟಿ ಹೇಳುವ ಬೆರಳು ಅವು.

ಇಂಥವರಿಗೆ ಮೀನಿನ ಹುಚ್ಚು ಹತ್ತಿದ್ದೇ ಒಂದು ತಮಾಷೆ. ಅವರದು ಲಿಂಗ ಕಟ್ಟಿಕೊಂಡ ಮನೆತನ, ತತ್ತಿಯನ್ನೂ ಒಳಗೆ ತರುವವರಲ್ಲ. ಯಾರೋ ಹಳೆಯ ಗೆಳೆಯ ಒಮ್ಮೆ ಚಿಕ್ಕಪಡಸಲಗಿ ಬ್ಯಾರೇಜಿನ ಹಿನ್ನೀರಿಗೆ ಕರೆದೊಯ್ದು, ಗಾಳದ ದಾರವನ್ನು ಅವರ ಕೈಗೆ ಕೊಟ್ಟು ಬೀಡಿ ಸೇದಲು ಹೋಗಿದ್ದನಂತೆ. ದಾರ ಒಮ್ಮೆ ಮಿಡುಕಿತಂತೆ, ಅಷ್ಟೇ. ಮುಂದೆ ಒಂದು ತಿಂಗಳು ಕಾಕಾಗೆ ನಿದ್ದೆಯಿಲ್ಲ. ಮಗ್ಗ ಬಿಟ್ಟ ಮೇಲೆ ಖಾಲಿ ಕೂತಿದ್ದ ಕೈಗೆ ಕೆಲಸ ಸಿಕ್ಕಿತ್ತಲ್ಲ.

ಕಾಕು ಮೊದಲು ಹಾರಾಡಿದರು. ಆಮೇಲೆ ಒಂದು ಕರಾರು ಹಾಕಿದರು. ಹಿಡಿದದ್ದನ್ನು ಅಲ್ಲಿಯೇ ನೀರಿಗೆ ಬಿಡಬೇಕು, ಹುಳವನ್ನೂ ಸಾಯಿಸಬಾರದು. ಒಂದೇ ಒಂದು ಮೀನು ಸತ್ತರೂ ಮತ್ತೆ ಆ ಹೊಳೆಯ ಕಡೆ ಕಾಲಿಡುವಂತಿಲ್ಲ. ಕಾಕಾ ಎದೆಯ ಮೇಲಿನ ಲಿಂಗ ಮುಟ್ಟಿ ಆಣೆ ಮಾಡಿದರು. ಅದೂ ಗೋಡೆಯ ಈ ಕಡೆ ನನಗೆ ಕೇಳಿಸಿತ್ತು.

ಜೀವದ ಹುಳ ಬೇಡವೆಂದ ಮೇಲೆ ಹವಾಯಿ ಚಪ್ಪಲಿಯನ್ನು ಎಳೆಯೆಳೆಯಾಗಿ ಕೊಯ್ದು ಹುಳ ಮಾಡಿದರು. ತೇಲುತ್ತಿತ್ತು, ಆದರೆ ಕಡ್ಡಿಯಂತೆ ಬಿರುಸು. ಮೀನು ಮೂಸಿ ನೋಡಿ ಹೋಗುತ್ತಿದ್ದವು. ಕಡೆಗೆ ನಾನೇ ಮೊಬೈಲಿನಲ್ಲಿ ಹುಡುಕಿ ರಬ್ಬರಿನ ಹುಳ ತರಿಸಿಕೊಟ್ಟೆ. ಬಡೇಸೋಪಿನ ವಾಸನೆಯ ಆ ಪಾಕೀಟು ಬಿಚ್ಚಿದಾಗ ಮುದುಕನ ಮುಖ ನೋಡಬೇಕಿತ್ತು! "ಏ, ಎಷ್ಟ್ ಮೆತ್ತಗ ಐತಲೇ ಇದು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಗಾಳದ ಹಿಮ್ಮುಳ್ಳನ್ನು ಅರದಿಂದ ತಿಕ್ಕಿ ನುಣುಪು ಮಾಡಿದರು, ಬಿಡಿಸುವಾಗ ಮೀನಿನ ಬಾಯಿ ಹರಿಯಬಾರದೆಂದು.

ನನ್ನದು ಮೊದಲಿನಿಂದಲೂ ಒಂದೆಡೆ ನಿಲ್ಲದ ಜೀವ. ಮಳೆಗಾಲದಲ್ಲಿ ರೈತರ ಪಂಪು ನಿಂತರೆ ನನ್ನ ಅಂಗಡಿಯೂ ನಿಂತಂತೆ, ಆಗಂತೂ ಮೈಯೆಲ್ಲ ಇರುವೆ ಬಿಟ್ಟ ಹಾಗೆ. ಆ ಮುಂಗಾರಿನಲ್ಲಿ ಹೊಳೆ ಇನ್ನೂ ಏರಿರಲಿಲ್ಲ. ಕಾಕಾನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಎರಡು ದಿನಕ್ಕೊಮ್ಮೆ ಹಿನ್ನೀರಿಗೆ ಹೋಗತೊಡಗಿದೆ.

ತೇಲುವ ಹುಳದ ಕೆಲಸವೆಂದರೆ ಏನೂ ಮಾಡದೆ ಇರುವುದು. ಗಾಳದ ಮೊನೆಯನ್ನು ಹುಳದ ಹೊಟ್ಟೆಯೊಳಗೆ ಅಡಗಿಸಿ, ಭಾರ ಕಟ್ಟದೆ, ನೀರಲ್ಲಿ ಬೆಳೆದ ಜೇಕಿನ ಹುಲ್ಲಿನ ಅಂಚಿಗೆ ಒಗೆದು ಬಿಡಬೇಕು. ಅದು ತನ್ನಷ್ಟಕ್ಕೆ ಬಿದ್ದಿರಬೇಕು. ನಮ್ಮ ಕಡೆ ಮರಳ ಎನ್ನುವ, ಹಾವಿನಂಥ ತಲೆಯ ಮೀನು ಕೆಳಗಿನಿಂದ ಬಂದು ನೋಡುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬಾಯಿ ಹಾಕಿದ ಮೇಲೂ ತಡೆಯಬೇಕು, ಅದು ಹುಳ ಹಿಡಿದು ತಿರುಗುವವರೆಗೆ. ನನ್ನಿಂದ ಅದು ಎಲ್ಲಿ ಆಗಬೇಕು? ನೀರು ಅಲುಗಿದರೆ ಸಾಕು, ಎಳೆದುಬಿಡುತ್ತಿದ್ದೆ. ಬರಿಯ ಹುಳ ಹಾರಿ ಬಂದು ಮುಖಕ್ಕೆ ಬಡಿಯುತ್ತಿತ್ತು.

"ಕಾಲಾಗ ಚಕ್ರ ಕಟಗೊಂಡೀಯೇನಲೇ?" ಎಂದು ಕಾಕಾ ಕೂಗುತ್ತಿದ್ದರು. "ಎಳಿ ಬಿಗೀ ಆಗೂತನಾ ಕೈ ಎತ್ತಬ್ಯಾಡ. ಎಳೀನ ಹೇಳತೈತಿ."

ಅವರು ವಾರಕ್ಕೆ ಎರಡಾದರೂ ಹಿಡಿದು, ಒದ್ದೆ ಕೈಯಲ್ಲಿ ಎತ್ತಿ ಮಾತಾಡಿಸಿ ಬಿಡುತ್ತಿದ್ದರು. ನನಗೆ ಒಂದೂ ಇಲ್ಲ. ನಗುತ್ತಿದ್ದೆ, ಆದರೆ ಒಳಗೊಳಗೇ ಉರಿಯುತ್ತಿತ್ತು. ಇರಲಿ, ಈಗ ಮುಚ್ಚಿಟ್ಟು ಏನು ಮಾಡಲಿ.

ಒಂದು ಮಾತನ್ನು ಮಾತ್ರ ಅವರು ಪದೇ ಪದೇ ಹೇಳುತ್ತಿದ್ದರು. ಮರಳ ಮೀನಿನ ಮರಿಗಳು ಕೆಂಪಗೆ ಗುಂಪಾಗಿ ಮೇಲೆ ಬಂದು ಉಸಿರು ತಗೊಳ್ಳುತ್ತವೆ, ನೀರು ಕುದ್ದಂತೆ ಕಾಣುತ್ತದೆ. ದೊಡ್ಡ ಮೀನು ಅವುಗಳ ಕೆಳಗೇ ಕಾವಲಿರುತ್ತದೆ. "ಕೆಂಪ ಮರಿ ಕಂಡಲ್ಲಿ ಹುಳಾ ಒಗೀಬ್ಯಾಡ. ಅಲ್ಲಿ ಅದು ಹಸಿವಿಗೆ ಕಡಿಯೂದಲ್ಲ, ಮಕ್ಕಳ ಸಲುವಾಗಿ ಕಡೀತೈತಿ."

ಒಂದು ಸಂಜೆ ಕಾಕಾನ ದಾರಕ್ಕೆ ಭಾರಿ ಮೀನೊಂದು ಬಿತ್ತು. ಜೇಕಿನೊಳಗೆ ನುಗ್ಗಿ ದಾರ ಕಡಿದುಕೊಂಡು ಹೋಯಿತು, ಹುಳ, ಗಾಳ ಸಮೇತ. ಮನೆ ಹತ್ತಿರ ಬಂದಾಗ "ಗಾಳ ಬಾಯಾಗ ಉಳೀತಲೇ" ಎಂದರು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ.

ಮರುದಿನ ಅವರು ರಬಕವಿಗೆ ಮದುವೆಗೆ ಹೋದರು. ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಒಬ್ಬನೇ ಹಿನ್ನೀರಿಗೆ ಹೋದೆ. ಅದೇ ಜೇಕಿನ ಹತ್ತಿರ, ಹಿಂದಿನ ಸಂಜೆ ಕಣ್ಣಿಗೆ ಬೀಳದಿದ್ದ ಮರಿಗಳಿಂದ ನೀರು ಕೆಂಪಗೆ ಕುದಿಯುತ್ತಿತ್ತು. ಕಾಕಾನ ಮಾತು ನೆನಪಾಗಲಿಲ್ಲವೆಂದರೆ ಸುಳ್ಳು. ನೆನಪಿತ್ತು. ಒಗೆದೆ. ಕಾಯುವುದೇ ಬೇಕಾಗಲಿಲ್ಲ. ಹುಳ ನೀರು ಮುಟ್ಟಿತೋ ಇಲ್ಲವೋ, ಧಡಾರನೆ ಬಂದು ಹಿಡಿಯಿತು. ತೋಳಿನಷ್ಟು ಉದ್ದದ ಮೀನು. ಬಾಯಿ ತೆರೆದು ನೋಡಿದೆ. ಕಾಕಾನ ಗಾಳ ಇರಲಿಲ್ಲ, ಗಾಯವೂ ಇರಲಿಲ್ಲ. ಇದು ಬೇರೆ ಮೀನು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಬಿಡಬಹುದಿತ್ತು... ಬಿಡಲಿಲ್ಲ. ನಮ್ಮದು ಬೀರೇಶ್ವರನ ಒಕ್ಕಲು, ತಿನ್ನುವ ಮಂದಿ, ನನಗೆ ಯಾವ ಆಣೆಯೂ ಇರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೂ ಮನೆಗೆ ಒಯ್ಯುವ ಧೈರ್ಯವಾಗಲಿಲ್ಲ. ಒಂದೇ ಗೋಡೆ, ಸಾರಿನ ವಾಸನೆ ಹೋಗದೆ ಇರುತ್ತದೆಯೆ? ಬೀಳಗಿಯ ಅಕ್ಕನ ಮನೆಗೆ ಒಯ್ದೆ. ಎರಡು ರೊಟ್ಟಿ ಹೆಚ್ಚಿಗೇ ತಿಂದೆ, ನಾಚಿಕೆಗೆಟ್ಟವನು.

ಮದುವೆ ಮುಗಿಸಿ ಬಂದ ಕಾಕಾ ಮರುದಿನವೇ ಹೊರಡು ಎಂದರು. ಆ ಜೇಕಿನ ಹತ್ತಿರ ಹೋದಾಗ ಕೆಂಪು ಮರಿಗಳು ಚೆಲ್ಲಾಪಿಲ್ಲಿಯಾಗಿದ್ದವು. ಬೆಳ್ಳಕ್ಕಿಗಳು ದಂಡೆಯಲ್ಲಿ ನಿಂತು ಒಂದೊಂದಾಗಿ ಹೆಕ್ಕುತ್ತಿದ್ದವು. ಕಾಕಾ ಕೈ ಬೀಸಿ ಓಡಿಸಿದರು, ಅವು ಈ ಕಡೆಯಿಂದ ಹಾರಿ ಆ ಕಡೆ ಕೂತವು. ಮೊಣಕಾಲು ನೀರಿಗಿಳಿದು ಕೂಗಿ ಕೂಗಿ ಓಡಿಸಿದರು. ಬಹಳ ಹೊತ್ತಾದ ಮೇಲೆ ದಂಡೆಗೆ ಬಂದು ಕುಸಿದು ಕೂತರು.

"ಕಾವಲ ಇಲ್ಲಪಾ. ಅವತ್ತ ನನ್ನ ಗಾಳಾ ಒಯ್ದದ್ದು ಇದರ ತಾಯೀನ. ಸತ್ತತಿ. ನಾನ ಕೊಂದೆ."

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. 'ಕಾಕಾ, ಅದು ನಾನು' ಎಂದು. ಅವರು ಹುಳದ ಡಬ್ಬಿಯನ್ನು ನನ್ನ ಕೈಗಿಟ್ಟರು. ಆ ರಾತ್ರಿ ಕಾಕುವಿಗೆ ಹೇಳಿದ್ದು ಗೋಡೆಯಾಚೆಯಿಂದ ಅಕ್ಷರ ಅಕ್ಷರ ಕೇಳಿಸಿತು. "ಆಣಿ ಮುರೀತು. ಇನ್ನ ಹೋಗೂದಿಲ್ಲ."

ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಡಿದ್ದು ಎಂದುಕೊಂಡೆ. ದಿನ ಕಳೆದಷ್ಟೂ ಆ ಮಾತು ಭಾರವಾಗುತ್ತ ಹೋಯಿತು. ಕಾಕಾ ಕಟ್ಟೆಯ ಮೇಲೆ ಕೂತು ಬೆರಳಿಗೆ ದಾರ ಸುತ್ತುತ್ತ, ಬಿಚ್ಚುತ್ತ ಇರುತ್ತಿದ್ದರು. ನಾನು ಕಂಡರೆ "ಹೊಳಿಗಿ ಹೋಗಿದ್ದೇನ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಕೈಯಾಡಿಸಿ ಬೈಕು ಹತ್ತಿ ಓಡುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಒಂದು ಮುಂಜಾನೆ ಅವರು ಏಳಲೇ ಇಲ್ಲ. ಮಣ್ಣಿಗೆ ಹೋಗಿ ಬಂದೆ. ಆಗಲೂ ಹೇಳಲಿಲ್ಲ, ಯಾರಿಗೆ ಹೇಳುವುದಿತ್ತು?

ಮೊನ್ನೆ ಅಂಗಡಿ ಮುಚ್ಚಿದವನೇ ಸೀದಾ ಕಾಕುವಿನ ಮನೆಗೆ ಹೋದೆ. ಜೋಳ ಹಸನು ಮಾಡುತ್ತ ಕೂತಿದ್ದರು. ನಿಂತಲ್ಲಿಯೇ ಹೇಳಿಬಿಟ್ಟೆ. "ಕಾಕು, ಆ ಮರಿಗಳ ತಾಯೀನ ಹಿಡದಾಂವ ನಾನರಿ. ಕಾಕಾನ ಗಾಳದಿಂದ ಅದು ಸತ್ತಿರಲಿಲ್ಲ. ಅವರ ಆಣಿ ಮುರದೇ ಇರಲಿಲ್ಲರಿ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಮೊರದೊಳಗಿನ ಜೋಳವನ್ನು ಅಂಗೈಯಿಂದ ಸವರುತ್ತ ಕೂತರು.

"ನಿಮ್ಮ ಕಾಕಾ ಎರಡ ಸಲ ಕೇಳಿದ್ರಪಾ," ಎಂದರು. "ಹುಳಾ ಗಿಳಾ ಏನೂ ಒಯ್ಯೂದಿಲ್ಲ, ಬರೇ ದಂಡಿಮ್ಯಾಲ ಕುಂತು ಬರತೇನಿ ಅಂತ. ನಾನ ಬ್ಯಾಡ ಅಂದೆ. ಆಣಿ ಅಂದ್ರ ಆಣಿ ಅಂದೆ."

ಕಾಕು ಮೊರವನ್ನು ಪಕ್ಕಕ್ಕೆ ಸರಿಸಿದರು.

"ನೀ ನನಗ ಹೇಳಿ ಹಗುರಾದಿ. ನಾ ಇದನ್ನ ಯಾರ ಮುಂದ ಹೇಳ್ಲಿ?"

ಮರುದಿನ ಮುಂಜಾನೆ ಬಾಗಿಲಲ್ಲಿ ಸಿಕ್ಕರು. ದಿನವೂ "ಚಾ ಕುಡದ್ಯಾ?" ಎನ್ನುವವರು ಏನೂ ಕೇಳದೆ ಒಳಗೆ ಹೋದರು. ಗೋಡೆಯಾಚೆಯಿಂದ ಒಂದು ಸಪ್ಪಳವೂ ಕೇಳಲಿಲ್ಲ; ಕಾಕಾ ಇಲ್ಲ ಎನ್ನುವುದು ನನಗೆ ಅವತ್ತು ಖರೆ ಅನ್ನಿಸಿತು.