ಕಾಶವ್ವನ ಪದ ಯಾರದು

ಸಿದ್ದಲಿಂಗ ಗದಗಿನ ಕಡೆಯವನು, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತಾಯಿ ಕಾಶವ್ವ ಅವನ ಜೊತೆ ಕ್ವಾರ್ಟರ್ಸಿನಲ್ಲೇ ಇದ್ದಳು. ಹಿಂದೆ ಊರಲ್ಲಿದ್ದಾಗ ಆಕೆ ಹಾಡಿದ್ದ ಬೀಸುಕಲ್ಲಿನ ಪದಗಳನ್ನು ಒಂದು ಕಂಪನಿ ಕ್ಯಾಸೆಟ್ ಮಾಡಿ ಮಾರಿತ್ತು. ಆಕೆಗೆ ಒಂದು ಸೀರೆ ಕೊಟ್ಟು, ಹಕ್ಕೆಲ್ಲ ಕಂಪನಿಗೆ ಎಂದಿದ್ದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

2013ರಲ್ಲಿ ಕಾಶವ್ವನಿಗೆ ಲಕ್ವ ಹೊಡೆಯಿತು. ಹಾಡು ನಿಂತುಹೋಗಿ, ಮಾತೂ ತೊದಲತೊಡಗಿತು. ಅವ್ವ ತನ್ನ ದನಿಯನ್ನು ತಾನೇ ಕೇಳಿಕೊಳ್ಳಲಿ ಎಂದು ಸಿದ್ದಲಿಂಗ ಆ ಹಳೆಯ ಕ್ಯಾಸೆಟ್ಟನ್ನು ಗೆಳೆಯ ಅಕ್ಬರ್ ಪಾಷಾನ ಹತ್ತಿರ ಒಯ್ದ. ಯಶವಂತಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಪಾಷಾ ಪದಗಳನ್ನು ಕಂಪ್ಯೂಟರಿಗೆ ಇಳಿಸಿ, ಕಾಶವ್ವನ ಫೋನಿಗೂ ಹಾಕಿ, ಇಂಟರ್‌ನೆಟ್ಟಿಗೂ ಏರಿಸಿಕೊಟ್ಟ. ಊರಿನಿಂದ, ಪುಣೆಯಿಂದ ಪದ ಕೇಳಿದವರ ಫೋನ್‌ಗಳು ಬಂದವು. ಆದರೆ ಸ್ವಲ್ಪ ದಿನಕ್ಕೇ ಕಂಪನಿ ದೂರು ಕೊಟ್ಟಿತು, ಪದಗಳು ಇಂಟರ್‌ನೆಟ್ಟಿನಿಂದ ಮಾಯವಾದವು.

"ನಾ ಹಾಡಿದ್ದು ನಂದಲ್ಲೇನೋ ತಮ್ಮಾ?" ಎಂದು ಕಾಶವ್ವ ಕೇಳಿದಳು.

"ಕಂಪನಿದಂತ, ಯವ್ವಾ."

"ನಮ್ಮವ್ವ ಕಲಿಸಿದ್ದು. ಆಕಿಗೆ ಆಕಿ ಅವ್ವ. ಕಂಪನ್ಯಾಗ ಯಾರ್ ಬೀಸಿದ್ರು?"

ಹಾಡು, ಪುಸ್ತಕಗಳನ್ನು ಯಾರು ಬೇಕಾದರೂ ಹಂಚಿಕೊಳ್ಳುವಂತಿರಬೇಕು, ಕೃತಿಸ್ವಾಮ್ಯ ಕಾನೂನಿನ ಬಿಗಿ ಸಡಿಲವಾಗಬೇಕು ಎನ್ನುವವರ ಗುಂಪೊಂದು ಸಂಜಯನಗರದಲ್ಲಿ ಭಾನುವಾರ ಸೇರುತ್ತಿತ್ತು. ಸಿದ್ದಲಿಂಗ ಅಲ್ಲಿಗೆ ಹೋಗತೊಡಗಿದ. ಮೊದಮೊದಲು ಹಿಂದೆ ಕೂರುತ್ತಿದ್ದವನು ಬರಬರುತ್ತಾ ಎದ್ದು ಮಾತಾಡತೊಡಗಿದ. ಒಂದು ದಿನ ರಟ್ಟಿನ ಮೇಲೆ 'ಕಾಶವ್ವನ ಪದ, ಕೇಳಿದವರಿಗೆಲ್ಲ ಉಚಿತ' ಎಂದು ಬರೆದು ತಂದು ಪಾಷಾನ ಕೈಗಿತ್ತ. ಪಾಷಾ ನಕ್ಕು ಅದನ್ನು ಅಂಗಡಿಯ ಮುಂದೆ ತೂಗುಹಾಕಿದ.

ಮುಂದಿನ ವರ್ಷ ಕಂಪನಿಯವರು ಪೊಲೀಸರೊಂದಿಗೆ ಪಾಷಾನ ಅಂಗಡಿಗೆ ಬಂದರು. ಕಂಪ್ಯೂಟರಿನಲ್ಲಿ ಗಿರಾಕಿಗಳಿಗೆ ಹಾಕಿಕೊಡುವ ಸಿನಿಮಾ ಹಾಡುಗಳೂ ಇದ್ದದ್ದು ನಿಜ. ಆದರೆ ಅವರು ನೇರ ಆ ಅಂಗಡಿಗೇ ಬಂದದ್ದು ರಟ್ಟು ನೋಡಿ. ಪಾಷಾ ಜೈಲು ಸೇರಿದ. ಜಾಮೀನಿನ ಮೇಲೆ ಹೊರಬರುವಷ್ಟರಲ್ಲಿ ಕಟ್ಟಡದ ಮಾಲೀಕ ಮಳಿಗೆಯನ್ನು ಬೇರೆಯವರಿಗೆ ಕೊಟ್ಟಿದ್ದ.

"ನಂದೇ ತಪ್ಪು ಭಾಯ್. ಬರೆದವನು ನಾನು," ಎಂದ ಸಿದ್ದಲಿಂಗ.

"ತೂಗುಹಾಕಿದ್ದು ನಾನಲ್ವಾ ಸಿದ್ದಣ್ಣ? ಬಿಡಿ. ಅಮ್ಮನ್ಗೆ ಮಾತ್ರ ಹೇಳ್ಬೇಡಿ."

ಆದರೂ ಸುದ್ದಿ ಮುಟ್ಟಿತು. ಪಾಷಾನ ಹೆಂಡತಿ ಫಖ್ರುನ್ನೀಸಾ ಒಮ್ಮೆ ಕಾಶವ್ವನನ್ನು ನೋಡಲು ಬಂದವಳು, ಮನೆ ಕಡೆ ಹೇಗೆ ಎಂದು ಆಕೆ ಕೇಳಿದ್ದಕ್ಕೆ ತಡೆಯಲಾರದೆ ಅತ್ತು ಎಲ್ಲ ಹೇಳಿಬಿಟ್ಟಳು. ಅಂದು ಸಂಜೆ ಸಿದ್ದಲಿಂಗ ಎಂದಿನಂತೆ ಫೋನಿನಲ್ಲಿ ಪದ ಹಚ್ಚಿದಾಗ ಕಾಶವ್ವ ಗೋಡೆಯತ್ತ ಹೊರಳಿದಳು.

"ಬಂದ್ ಮಾಡು. ಒಬ್ರ ಅನ್ನ ಕಸಗೊಂಡ ಪದ ನನಗ ಬ್ಯಾಡ."

"ಕಸಗೊಂಡಿದ್ದು ಪದ ಅಲ್ಲ ಯವ್ವಾ, ಆ ಕಂಪನಿ."

ಆಕೆ ಆ ಪದಗಳನ್ನು ಮತ್ತೆಂದೂ ಕೇಳಲಿಲ್ಲ.

2017ರಲ್ಲಿ ಕಾಶವ್ವ ತೀರಿಕೊಂಡಳು. ಊರಿನಿಂದ ಬಂದ ನೆಂಟರೊಬ್ಬರು ಹೆಣದ ಪಕ್ಕ ಫೋನಿಟ್ಟು ಆಕೆಯ ಪದವನ್ನೇ ಹಚ್ಚಿದರು. ಹೆಂಗಸರು ಬಿಕ್ಕಿದರು. ನಿಲ್ಲಿಸಿ ಎನ್ನಲು ಎದ್ದ ಸಿದ್ದಲಿಂಗ ಅವರ ಅಳು ನೋಡಿ ಮತ್ತೆ ಕೂತ. ಮಾಕಳಿಯ ಗೋದಾಮೊಂದರಲ್ಲಿ ಕೂಲಿಗೆ ಸೇರಿದ್ದ ಪಾಷಾ ರಜೆ ಹಾಕಿ ಬಂದು, ಪದ ಮುಗಿಯುವವರೆಗೂ ಬಾಗಿಲಾಚೆಯೇ ನಿಂತಿದ್ದ.

ಎರಡು ವರ್ಷದ ಮೇಲೆ ಕೇಸು ಬಿದ್ದುಹೋಯಿತು. ಪಾಷಾ ಮತ್ತೆ ಅಂಗಡಿ ಹಾಕಲಿಲ್ಲ. ಸಿದ್ದಲಿಂಗ ಈಗಲೂ ಭಾನುವಾರದ ಸಭೆಗೆ ಹೋಗುತ್ತಾನೆ, ಹಾಡು ಹಾಡಿದವರದು, ಕೇಳಿದವರದು ಎಂದು ವಾದಿಸುತ್ತಾನೆ. ಅಲ್ಲಿ ಯಾರಾದರೂ ನಿಮ್ಮ ತಾಯಿಯ ಪದ ಕೇಳಿಸಿ ಎಂದರೆ ಫೈಲು ಕಳಿಸುತ್ತಾನೆ. ಅವರು ಅದನ್ನು ಅಲ್ಲೇ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಾನೆ.