ಮಸಗುಪ್ಪಿಯ ಬಳಿ ಆರಿಸಿದ ಎಂಜಿನ್

ಮೂಡಲಗಿಯಿಂದ ಹುಕ್ಕೇರಿ ಕಡೆಗೆ ಹೊರಟ ಹಳೆಯ ಬಾಡಿಗೆ ವ್ಯಾನಿನಲ್ಲಿ ನನಗೂ ಸೀಟು ಸಿಕ್ಕಿತು. ಮುಂದೆ ಕೂತಿದ್ದ ಬಾಳವ್ವ ತಮ್ಮ ತಾಯಿಯ ಮಣ್ಣಿಗೆ ಹೊರಟಿದ್ದರು. ಮಗಳು ಬಂದು ಮುಖ ನೋಡಲೆಂದು ಊರಲ್ಲಿ ಮನೆಯವರು ಹೆಣ ಹೂಳದೆ ಕಾಯುತ್ತಿದ್ದರು.

ಮಸಗುಪ್ಪಿಯ ಬಳಿ ಎದುರಿಗೆ ಬೇರೊಂದು ಶವಯಾತ್ರೆ ಬಂತು. ಚಾಲಕ ದಸ್ತಗೀರ್ ವ್ಯಾನನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿದು ನಿಂತರು. ಹೆಣ ದಾಟಿದ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ಗರಗರ ತಿರುಗಿತು, ಎಂಜಿನ್ ಮಾತ್ರ ಚಾಲೂ ಆಗಲಿಲ್ಲ.

"ಗಾಡಿ ಕಾದಾಗ ಹಿಂಗ ಮಾಡತೈತಿ ಅಂತ ಗೊತ್ತಿದ್ದೂ ಯಾಕ ಬಂದ್ ಮಾಡಿದಿ?" ಹಿಂದಿನ ಸೀಟಿನ ಹಿರಿಯರು ಗದರಿದರು.

"ಹೆಣದ ಮುಂದ ಗುರ್ ಅನಸ್ಕೋಂತ ನಿಂದರಬೇಕೇನ್ರಿ ಕಾಕಾ?"

ನನಗೆ ಕೀ ತಿರುಗಿಸಲು ಹೇಳಿ ದಸ್ತಗೀರ್ ಪೆಟ್ರೋಲ್ ಟ್ಯಾಂಕಿಗೆ ಕಿವಿ ಹಚ್ಚಿದರು. ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಒಳಗಿನ ಪಂಪು ಸದ್ದು ಮಾಡಲಿಲ್ಲ. ಟ್ಯಾಂಕಿಗೆ ಮುಷ್ಟಿಯಿಂದ ಗುದ್ದಿದರು. ಆಗಲೂ ಇಲ್ಲ.

ಅಷ್ಟರಲ್ಲಿ ಬಾಳವ್ವನ ಅಣ್ಣನ ಫೋನು ಬಂತು. ಅವರು ಕೇಳಿದ್ದು ನಮಗೂ ಕೇಳಿಸಿತು: "ಹೊತ್ತ ಮುಳಗಾಕ ಬಂತ ತಂಗಿ. ಮಣ್ಣ ಮಾಡೂಣೇನು?"

ಬಾಳವ್ವ ದಸ್ತಗೀರರ ಮುಖ ನೋಡಿದರು.

"ಪಂಪ್ ತಣ್ಣಗಾಗೂತನಕ ಚಾಲೂ ಆಗಂಗಿಲ್ರಿ ಅಕ್ಕಾರ. ನಿಮಗ ಸುಳ್ಳ ಹೇಳೂದಿಲ್ಲ."

"ಮಾಡ್ರಿ," ಎಂದು ಬಾಳವ್ವ ಫೋನಿಗೆ ಹೇಳಿದರು.

ಬಹಳ ಹೊತ್ತಿನ ಮೇಲೆ ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ದಸ್ತಗೀರ್ ಗೇರ್ ಹಾಕದೆ ಕೂತರು.

"ನಡಿ ತಮ್ಮಾ," ಎಂದರು ಬಾಳವ್ವ. "ಅಲ್ಲೆ ಅಪ್ಪ ಇನ್ನಾ ಅದಾನ."